ರೋಧಕ–ಪ್ರೇರಕ ಮಂಡಲ

ರೋಧಕ ಮತ್ತು ಪ್ರೇರಕ ಎರಡೂ ಇರುವ ವಿದ್ಯುತ್ ಮಂಡಲಕ್ಕೆ ರೋಧಕ–ಪ್ರೇರಕ ಮಂಡಲ ಅಥವಾ ಆರ್‌-ಎಲ್‌ ಮಂಡಲ ಎಂದು ಹೆಸರು. ರೋಧಕ ತನಗೆ ಒದಗಿದ ವಿದ್ಯುತ್ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಪ್ರೇರಕ, ಅಂದರೆ ಸುರುಳಿ ಸುತ್ತಿದ ತಂತಿ ಅಥವಾ ಕಾಯಿಲ್, ಶಕ್ತಿಯನ್ನು ಕಾಂತಕ್ಷೇತ್ರದಲ್ಲಿ ಕೂಡಿಟ್ಟುಕೊಂಡು ಮತ್ತೆ ಮಂಡಲಕ್ಕೇ ಮರಳಿಸುತ್ತದೆ. ಈ ಎರಡು ಗುಣಗಳು ಬೆರೆತಾಗ ವೋಲ್ಟೇಜು ಮತ್ತು ಕರೆಂಟು ಹೇಗೆ ನಡೆದುಕೊಳ್ಳುತ್ತವೆ ಎಂಬುದೇ ಆರ್‌-ಎಲ್‌ ಮಂಡಲದ ವಿಶ್ಲೇಷಣೆ.

ಶುದ್ಧ ರೋಧಕವಾಗಲಿ ಶುದ್ಧ ಪ್ರೇರಕವಾಗಲಿ ಬಳಕೆಯಲ್ಲಿ ಸಿಗುವುದಿಲ್ಲ. ಮೋಟರಿನ ವೈಂಡಿಂಗು, ಟ್ರಾನ್ಸ್‌ಫಾರ್ಮರು, ಸ್ಟಾರ್ಟರಿನ ಕಾಯಿಲು, ಟ್ಯೂಬ್‌ಲೈಟಿನ ಹಳೆಯ ಚೋಕು, ಕಂಬದಿಂದ ಕಂಬಕ್ಕೆ ಎಳೆದ ತಂತಿ ಇವೆಲ್ಲವೂ ಆರ್‌-ಎಲ್‌ ಮಂಡಲಗಳೇ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬಿನ ಗದ್ದೆಗೆ ನೀರೆತ್ತುವ ಪಂಪ್‌ಸೆಟ್ಟುಗಳೇ ಹೊಲದ ಲೈನುಗಳ ಮುಖ್ಯ ಲೋಡು. ಆದ್ದರಿಂದ ಈ ಸೀಮೆಯಲ್ಲಿ ‘ಲೋ ವೋಲ್ಟೇಜ್’ ಎಂಬ ದೂರು ಬಂದಾಗಲೆಲ್ಲ ಅದರ ಹಿಂದೆ ಒಂದು ಆರ್‌-ಎಲ್‌ ಲೆಕ್ಕ ಇರುತ್ತದೆ. ತಂತಿಯ ರೋಧ ಒಂದನ್ನೇ ಹಿಡಿದು ಹೊರಟರೆ ಆ ಲೆಕ್ಕ ಕೂಡುವುದಿಲ್ಲ.

ಸಿದ್ಧಾಂತದ ಬೆಳವಣಿಗೆ

ವೋಲ್ಟೇಜು, ಕರೆಂಟು, ರೋಧ ಮೂರರ ನಂಟನ್ನು ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ. 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ, ಬದಲಾಗುವ ಕಾಂತಕ್ಷೇತ್ರ ತಂತಿಯಲ್ಲಿ ವೋಲ್ಟೇಜು ಹುಟ್ಟಿಸುತ್ತದೆ ಎಂದು ತೋರಿಸಿದ. ಅಮೆರಿಕದ ಜೋಸೆಫ್ ಹೆನ್ರಿ ಸ್ವತಂತ್ರವಾಗಿ ಇದೇ ದಾರಿಯಲ್ಲಿ ನಡೆದ. ಪ್ರೇರಕತೆಯ ಮಾನಕ್ಕೆ ಅವನ ಹೆಸರೇ ಉಳಿದಿದೆ. ಹೀಗೆ ಹುಟ್ಟುವ ವೋಲ್ಟೇಜು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ತಡೆಯಲು ನೋಡುತ್ತದೆ ಎಂಬ ನಿಯಮವನ್ನು 1834ರಲ್ಲಿ ಲೆನ್ಸ್ ಕೊಟ್ಟ. ಮಂಡಲದ ಒಂದು ಸುತ್ತಿನಲ್ಲಿ ವೋಲ್ಟೇಜುಗಳು, ಒಂದು ಸಂಧಿಯಲ್ಲಿ ಕರೆಂಟುಗಳು ಹೇಗೆ ಕೂಡಿಬರಬೇಕು ಎಂಬ ಕಿರ್ಚಾಫ್‌ನ ನಿಯಮಗಳು 1845ರವು. ಪರ್ಯಾಯ ವಿದ್ಯುತ್ತಿನ (ಎ.ಸಿ.) ಲೆಕ್ಕಕ್ಕೆ ಸಂಕೀರ್ಣ ಸಂಖ್ಯೆಗಳನ್ನು ಬಳಸುವ ಸುಲಭ ವಿಧಾನವನ್ನು 1893ರಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಮುಂದಿಟ್ಟ. ಅಲ್ಲಿಯವರೆಗೆ ಕಲನಶಾಸ್ತ್ರದ ಪುಟಗಟ್ಟಲೆ ಕೆಲಸವಾಗಿದ್ದ ಲೆಕ್ಕ ಅದರಿಂದ ಬೀಜಗಣಿತದ ನಾಲ್ಕು ಸಾಲಿಗೆ ಇಳಿಯಿತು.

ಘಟಪ್ರಭೆಯ ಸೀಮೆಯಲ್ಲಿ ವಿದ್ಯುತ್ತು

ಈ ಬೆಳವಣಿಗೆಗಳ ಕಾಲದಲ್ಲೇ ಗೋಕಾಕದಲ್ಲಿ ನೀರಿನ ಬಲ ಕೈಗಾರಿಕೆಗೆ ಒದಗಿತು. ಘಟಪ್ರಭಾ ನದಿ ಸುಮಾರು 52 ಮೀಟರ್ ಧುಮುಕುವ ಗೋಕಾಕ ಜಲಪಾತದ ನೆತ್ತಿಯಲ್ಲಿ ಹತ್ತಿ ಗಿರಣಿ ತಲೆಯೆತ್ತಿದ್ದು 1880ರ ದಶಕದಲ್ಲಿ. ಭಾರತದ ಜಲಶಕ್ತಿಯ ಇತಿಹಾಸದಲ್ಲಿ 1887ನೆಯ ಇಸವಿಯೊಂದಿಗೆ ಈ ಜಲಪಾತದ ಹೆಸರು ಸೇರಿಕೊಂಡಿದೆ. ಮುಂದೆ ಇದೇ ನದಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಬಳಿ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಬುಡದಲ್ಲಿ 16 ಮೆಗಾವ್ಯಾಟ್‌ನ ಎರಡು ಯಂತ್ರಗಳ ವಿದ್ಯುದಾಗಾರ ಬಂತು. ಜಲಾಶಯದ ಕಾಲುವೆಗಳ ನೀರು, ಹೊಳೆದಂಡೆಯ ಪಂಪು, ಬಾವಿ ಮತ್ತು ಬೋರ್‌ವೆಲ್ಲುಗಳು ಸೇರಿ ಈ ಭಾಗವನ್ನು ಕಬ್ಬಿನ ಸೀಮೆಯಾಗಿಸಿದವು.

ವಿದ್ಯುತ್ ಹಂಚಿಕೆಯಲ್ಲಿ ಹುಕ್ಕೇರಿಗೆ ಬೇರೆಯದೇ ಸ್ಥಾನವಿದೆ. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ದೇಶದಲ್ಲಿ ಹುಟ್ಟಿಕೊಂಡಾಗ, ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳ ಮಾದರಿಯಲ್ಲಿ ಐದು ಪ್ರಾಯೋಗಿಕ ಸಹಕಾರ ಸಂಘಗಳನ್ನು ಐದು ರಾಜ್ಯಗಳಲ್ಲಿ ಕಟ್ಟಲಾಯಿತು. ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಅಂದಿನ ಆಂಧ್ರದ ಸಿರಿಸಿಲ್ಲ, ಉತ್ತರಪ್ರದೇಶದ ಲಖನೌ ಜೊತೆಗೆ ಅಂದಿನ ಮೈಸೂರು ರಾಜ್ಯದಿಂದ ಆಯ್ಕೆಯಾದದ್ದು ಹುಕ್ಕೇರಿ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸಗಟಾಗಿ ವಿದ್ಯುತ್ ಕೊಂಡು ತಾಲ್ಲೂಕಿನಲ್ಲಿ ತಾನೇ ಹಂಚುತ್ತದೆ. ಗೋಕಾಕ ಹಾಗೂ ಅದರಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿಯಲ್ಲಿ ಹಂಚಿಕೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂನದು. ಬಿಲ್ಲಿನ ತಲೆಬರಹ ಬೇರೆಯಾದರೂ ಎರಡೂ ಕಡೆ ಹೊಲದ ಚಿತ್ರ ಒಂದೇ. 11 ಕಿಲೋವೋಲ್ಟಿನ ಫೀಡರು, ಹೊಲದಂಚಿನಲ್ಲಿ ಜನ ‘ಟಿಸಿ’ ಎಂದು ಕರೆಯುವ ಟ್ರಾನ್ಸ್‌ಫಾರ್ಮರು, ಅಲ್ಲಿಂದ ಹೊರಟ ಕಡಿಮೆ ವೋಲ್ಟೇಜಿನ ಎಲ್‌ಟಿ ಲೈನು, ಕೊನೆಯಲ್ಲಿ ಮೋಟರು.

ನೇರ ವಿದ್ಯುತ್ತಿನಲ್ಲಿ ಮಂಡಲದ ನಡತೆ

ಬ್ಯಾಟರಿಗೆ ಬರೀ ರೋಧಕ ಸಿಕ್ಕಿಸಿದರೆ ಸ್ವಿಚ್ ಒತ್ತಿದ ಕ್ಷಣವೇ ಕರೆಂಟು ತನ್ನ ಪೂರ್ಣ ಮೌಲ್ಯಕ್ಕೆ ಏರುತ್ತದೆ. ಕಾಯಿಲ್ ಇದ್ದರೆ ಹಾಗಾಗುವುದಿಲ್ಲ. ಕರೆಂಟು ಏರತೊಡಗಿದ ಕೂಡಲೇ ಕಾಯಿಲಿನ ಕಾಂತಕ್ಷೇತ್ರ ಬದಲಾಗಿ ಎದುರು ವೋಲ್ಟೇಜು ಹುಟ್ಟುತ್ತದೆ. ಕಬ್ಬು ಹೇರಿದ ಗಾಡಿಯಂತೆ ಕಾಯಿಲಿನ ಕರೆಂಟು ಹೊರಡುವಾಗಲೂ ತಡ, ನಿಲ್ಲುವಾಗಲೂ ತಡ.

ತಡ ಎಷ್ಟು ಎಂಬುದನ್ನು ಕಾಲ ಸ್ಥಿರಾಂಕ ಹೇಳುತ್ತದೆ. ಹೆನ್ರಿಯಲ್ಲಿರುವ ಪ್ರೇರಕತೆಯನ್ನು ಓಮ್‌ನಲ್ಲಿರುವ ರೋಧದಿಂದ ಭಾಗಿಸಿದರೆ ಅದು ಸೆಕೆಂಡುಗಳಲ್ಲಿ ಸಿಗುತ್ತದೆ. 24 ಓಮ್ ರೋಧ, 0.48 ಹೆನ್ರಿ ಪ್ರೇರಕತೆ ಇರುವ ಒಂದು ರಿಲೇ ಕಾಯಿಲನ್ನು 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದೆ ಎನ್ನೋಣ. ಕರೆಂಟು ಕೊನೆಗೆ ತಲುಪಬೇಕಾದ್ದು 12 ÷ 24 = 0.5 ಆಂಪಿಯರ್. ಕಾಲ ಸ್ಥಿರಾಂಕ 0.48 ÷ 24 = 0.02 ಸೆಕೆಂಡು, ಅಂದರೆ 20 ಮಿಲಿಸೆಕೆಂಡು. ಏರಿಕೆ ಹೀಗಿರುತ್ತದೆ:

0 ಮಿಲಿಸೆಕೆಂಡಿನಲ್ಲಿ ಕರೆಂಟು 0. ಪೂರಾ 12 ವೋಲ್ಟು ಕಾಯಿಲಿನ ಪ್ರೇರಕತೆಯ ಮೇಲೆ.
20 ಮಿಲಿಸೆಕೆಂಡಿನಲ್ಲಿ 0.316 ಆಂಪಿಯರ್, ಅಂದರೆ ಶೇ. 63.2, ರೋಧದ ಪಾಲು 7.6 ವೋಲ್ಟು, ಪ್ರೇರಕತೆಯ ಪಾಲು 4.4 ವೋಲ್ಟು.
60 ಮಿಲಿಸೆಕೆಂಡಿನಲ್ಲಿ 0.475 ಆಂಪಿಯರ್, ಶೇ. 95.
100 ಮಿಲಿಸೆಕೆಂಡಿನಲ್ಲಿ 0.497 ಆಂಪಿಯರ್, ಶೇ. 99.3.

ಐದು ಕಾಲ ಸ್ಥಿರಾಂಕ ಕಳೆದರೆ ಕರೆಂಟು ನೆಲೆಗೊಂಡಿತೆಂದೇ ಲೆಕ್ಕ. ಆಮೇಲೆ ಬದಲಾವಣೆ ಇಲ್ಲದ್ದರಿಂದ ಪ್ರೇರಕತೆಯ ವೋಲ್ಟೇಜು ಸೊನ್ನೆ. ಕಾಯಿಲು ಬರೀ ತಂತಿಯಾಗಿ ಉಳಿಯುತ್ತದೆ.

ಸ್ವಿಚ್ ಬಿಚ್ಚುವಾಗ ಇದೇ ಗುಣ ಅಪಾಯಕಾರಿ. ಮೇಲಿನ ಕಾಯಿಲಿನಲ್ಲಿ ಕೂಡಿಟ್ಟ ಶಕ್ತಿ 0.06 ಜೂಲ್ ಮಾತ್ರ. ಆದರೆ 0.5 ಆಂಪಿಯರ್ ಕರೆಂಟನ್ನು ಒಂದು ಮಿಲಿಸೆಕೆಂಡಿನಲ್ಲಿ ಕಡಿದರೆ 0.48 × 0.5 ÷ 0.001 = 240 ವೋಲ್ಟು ಹುಟ್ಟುತ್ತದೆ. ಅದು ಬ್ಯಾಟರಿಯ 20 ಪಟ್ಟು. ಸ್ವಿಚ್ಚಿನ ಬಾಯಲ್ಲಿ ಕಿಡಿ ಹಾರುವುದು ಇದರಿಂದಲೇ. ನೇರ ವಿದ್ಯುತ್ತಿನ ರಿಲೇಗಳಲ್ಲಿ ಕಾಯಿಲಿಗೆ ಅಡ್ಡವಾಗಿ ಒಂದು ಡಯೋಡ್ ಕೂರಿಸಿ ಕರೆಂಟಿಗೆ ಸುತ್ತಿಬರುವ ದಾರಿ ಮಾಡಿಕೊಡುತ್ತಾರೆ.

ಪರ್ಯಾಯ ವಿದ್ಯುತ್ತಿನಲ್ಲಿ ಮಂಡಲದ ನಡತೆ

ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳಂತೆ ಸದಾ ಬದಲಾಗುತ್ತಿರುವುದರಿಂದ ಕಾಯಿಲಿನ ತಡೆಯೂ ಸದಾ ಇರುತ್ತದೆ. ಈ ತಡೆಗೆ ರಿಯಾಕ್ಟೆನ್ಸ್ ಎಂದು ಹೆಸರು. 2 × 3.1416 × ಆವೃತ್ತಿ × ಪ್ರೇರಕತೆ ಎಂಬ ಗುಣಾಕಾರದಿಂದ ಅದು ಓಮ್‌ನಲ್ಲಿ ಸಿಗುತ್ತದೆ. ರೋಧದ ಮೇಲಿನ ವೋಲ್ಟೇಜು ಕರೆಂಟಿನ ಜೊತೆಜೊತೆಗೇ ಏರಿಳಿಯುತ್ತದೆ. ಪ್ರೇರಕತೆಯ ಮೇಲಿನ ವೋಲ್ಟೇಜು ಕರೆಂಟಿಗಿಂತ 90 ಡಿಗ್ರಿ, ಅಂದರೆ ಕಾಲು ಆವರ್ತನೆ ಮುಂದಿರುತ್ತದೆ. ಬೇರೆ ಬೇರೆ ಹೊತ್ತಿಗೆ ತುದಿ ಮುಟ್ಟುವ ಇವೆರಡನ್ನು ನೇರವಾಗಿ ಕೂಡುವಂತಿಲ್ಲ. ಲಂಬಕೋನ ತ್ರಿಭುಜದ ಎರಡು ಬಾಹುಗಳಾಗಿ ಇಟ್ಟು ಕರ್ಣವನ್ನು ಕಂಡುಹಿಡಿಯಬೇಕು. ರೋಧ ಮತ್ತು ರಿಯಾಕ್ಟೆನ್ಸುಗಳಿಂದ ಹೀಗೆ ಬರುವ ಒಟ್ಟು ತಡೆಯೇ ಇಂಪೀಡೆನ್ಸ್.

30 ಓಮ್ ರೋಧ, 0.127 ಹೆನ್ರಿ ಪ್ರೇರಕತೆಯ ಕಾಯಿಲನ್ನು 230 ವೋಲ್ಟ್, 50 ಹರ್ಟ್ಸ್ ಸರಬರಾಜಿಗೆ ಜೋಡಿಸಿದರೆ ರಿಯಾಕ್ಟೆನ್ಸ್ 40 ಓಮ್. ಇಂಪೀಡೆನ್ಸ್ √(30² + 40²) = 50 ಓಮ್. ಕರೆಂಟು 230 ÷ 50 = 4.6 ಆಂಪಿಯರ್. ಆಗ ರೋಧದ ವೋಲ್ಟೇಜು 4.6 × 30 = 138; ಪ್ರೇರಕತೆಯದು 4.6 × 40 = 184. ನೇರವಾಗಿ ಕೂಡಿದರೆ 322 ಆಗುತ್ತದೆ. ಸರಬರಾಜಿನಲ್ಲಿ ಇರುವುದು 230 ಮಾತ್ರ. √(138² + 184²) ಎಂದು ಕೂಡಿದಾಗ ಸರಿಯಾಗಿ 230 ಬರುತ್ತದೆ. ಕಿರ್ಚಾಫ್‌ನ ನಿಯಮಕ್ಕೆ ಇಲ್ಲಿ ಭಂಗವಿಲ್ಲ. ಕ್ಷಣಕ್ಷಣದ ವೋಲ್ಟೇಜುಗಳ ಮೊತ್ತ ಯಾವಾಗಲೂ ಕೂಡಿಬರುತ್ತದೆ. ಕೂಡಿಬಾರದಿರುವುದು ಮೀಟರು ತೋರಿಸುವ ಸರಾಸರಿ ಸ್ವರೂಪದ ಅಂಕಿಗಳು.

ಅಕ್ಕಪಕ್ಕದ ಜೋಡಣೆಯಲ್ಲಿ ಕರೆಂಟುಗಳಿಗೂ ಇದೇ ಕ್ರಮ. ಹೀಟರೊಂದು 3 ಆಂಪಿಯರ್, ಬಹುಮಟ್ಟಿಗೆ ಶುದ್ಧವಾದ ಕಾಯಿಲೊಂದು 4 ಆಂಪಿಯರ್ ಎಳೆದರೆ ಮುಖ್ಯ ತಂತಿಯಲ್ಲಿ 7 ಅಲ್ಲ, 5 ಆಂಪಿಯರ್ ಹರಿಯುತ್ತದೆ.

ಆವೃತ್ತಿ ಬದಲಾದರೆ ಕಾಯಿಲಿನ ಸ್ವಭಾವವೇ ಬದಲಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ಸಾಗಿದ ವಿದ್ಯುತ್ತಿನ ಆವೃತ್ತಿ 25 ಹರ್ಟ್ಸ್. ಆ ಆವೃತ್ತಿಯಲ್ಲಿ ಮೇಲಿನ ಕಾಯಿಲಿನ ರಿಯಾಕ್ಟೆನ್ಸ್ 20 ಓಮ್‌ಗೆ, ಇಂಪೀಡೆನ್ಸ್ ಸುಮಾರು 36 ಓಮ್‌ಗೆ ಇಳಿದು 230 ವೋಲ್ಟಿಗೆ 6.4 ಆಂಪಿಯರ್ ಹರಿಯುತ್ತಿತ್ತು. ನೇರ ವಿದ್ಯುತ್ತಾದರೆ 7.7 ಆಂಪಿಯರ್. ಒಂದು ಆವೃತ್ತಿಗೆಂದು ಸುತ್ತಿದ ಮೋಟರನ್ನೋ ಟ್ರಾನ್ಸ್‌ಫಾರ್ಮರನ್ನೋ ಅದಕ್ಕಿಂತ ಕಡಿಮೆ ಆವೃತ್ತಿಗೆ ಅದೇ ವೋಲ್ಟೇಜಿನಲ್ಲಿ ಜೋಡಿಸಿದರೆ ಅದು ಬಿಸಿಯಾಗಿ ಕೆಡುವುದಕ್ಕೆ ಇದೂ ಒಂದು ಕಾರಣ.

ಪವರ್ ಫ್ಯಾಕ್ಟರ್

ಕಾಯಿಲು ಕೂಡಿಟ್ಟ ಶಕ್ತಿ ಪ್ರತಿ ಆವರ್ತನೆಯಲ್ಲೂ ಸರಬರಾಜಿಗೆ ಮರಳುವುದರಿಂದ ವೋಲ್ಟ್ ಮತ್ತು ಆಂಪಿಯರುಗಳ ಗುಣಲಬ್ಧವೆಲ್ಲ ಕೆಲಸವಾಗಿ ಒದಗುವುದಿಲ್ಲ. ಮೇಲಿನ ಉದಾಹರಣೆಯಲ್ಲಿ 230 × 4.6 = 1,058 ವೋಲ್ಟ್-ಆಂಪಿಯರ್. ರೋಧದಲ್ಲಿ ಬಳಕೆಯಾದದ್ದು 4.6² × 30 = 635 ವ್ಯಾಟ್. ಎರಡರ ಅನುಪಾತ 0.6; ಇದೇ ಪವರ್ ಫ್ಯಾಕ್ಟರ್, ಅಂದರೆ ವೋಲ್ಟೇಜು ಮತ್ತು ಕರೆಂಟಿನ ನಡುವಿನ ಕೋನದ ಕೊಸೈನ್. ಮನೆಯ ಮೀಟರು ಎಣಿಸುವುದು ವ್ಯಾಟುಗಳನ್ನು. ತಂತಿ ಮತ್ತು ಟಿಸಿ ಹೊರಬೇಕಾದದ್ದು ಆಂಪಿಯರುಗಳನ್ನು. ಪವರ್ ಫ್ಯಾಕ್ಟರ್ ಕುಸಿದರೆ ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಹರಿದು ಹಂಚಿಕೆದಾರರ ತಂತಿ ಬಿಸಿಯಾಗುತ್ತದೆ.

ಹೊಲದ ಲೈನಿನ ಲೆಕ್ಕ

ಎಲ್‌ಟಿ ಮತ್ತು 11 ಕಿಲೋವೋಲ್ಟ್ ಲೈನುಗಳಲ್ಲಿ ಬಳಸುವ ಉಕ್ಕಿನ ಎಳೆಯ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರು ರೂಢಿ: ಸ್ಕ್ವಿರಲ್, ವೀಸಲ್, ರ‍್ಯಾಬಿಟ್. ಇವುಗಳಲ್ಲಿ ದಪ್ಪನೆಯದಾದ ರ‍್ಯಾಬಿಟ್ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.55 ಓಮ್. ತಂತಿಗಳ ನಡುವಿನ ಅಂತರವನ್ನು ಅವಲಂಬಿಸುವ ರಿಯಾಕ್ಟೆನ್ಸನ್ನು ಕಿಲೋಮೀಟರಿಗೆ 0.35 ಓಮ್ ಎಂದು ಹಿಡಿಯಬಹುದು. ಟಿಸಿಯಿಂದ 800 ಮೀಟರ್ ದೂರದಲ್ಲಿ 5 ಎಚ್‌ಪಿಯ ಆರು ಪಂಪುಗಳು ಇವೆಯೆಂದರೆ ಪ್ರತಿ ಫೇಸಿನಲ್ಲಿ ಲೈನಿನ ರೋಧ 0.44, ರಿಯಾಕ್ಟೆನ್ಸ್ 0.28 ಓಮ್.

5 ಎಚ್‌ಪಿ ಎಂದರೆ 3,730 ವ್ಯಾಟ್. ದಕ್ಷತೆ ಶೇ. 85, ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಂಡರೆ 415 ವೋಲ್ಟಿನ ತ್ರೀ ಫೇಸಿನಲ್ಲಿ ಒಂದು ಮೋಟರಿಗೆ ಸುಮಾರು 7.6 ಆಂಪಿಯರ್, ಆರಕ್ಕೆ 46. ಲೈನಿನಲ್ಲಿ ಕಳೆದುಹೋಗುವ ವೋಲ್ಟೇಜನ್ನು ಹೀಗೆ ಅಂದಾಜಿಸುತ್ತಾರೆ: ಕರೆಂಟು × (ರೋಧ × ಪವರ್ ಫ್ಯಾಕ್ಟರ್ ಕೋನದ ಕೊಸೈನ್ + ರಿಯಾಕ್ಟೆನ್ಸ್ × ಅದರ ಸೈನ್).

46 × (0.44 × 0.8 + 0.28 × 0.6) = 46 × (0.352 + 0.168) = ಸುಮಾರು 24 ವೋಲ್ಟ್.

ಟಿಸಿ ಬಳಿ ಫೇಸಿಗೆ 240 ಇದ್ದ ವೋಲ್ಟೇಜು ಪಂಪಿನ ಬಳಿ 216ಕ್ಕೆ, ತ್ರೀ ಫೇಸಿನ 415 ಸುಮಾರು 374ಕ್ಕೆ ಇಳಿಯುತ್ತದೆ. ಇಳಿಕೆ ಶೇ. 10. ಭಾರತೀಯ ವಿದ್ಯುತ್ ನಿಯಮಗಳು (1956) ಎಲ್‌ಟಿ ಗ್ರಾಹಕರಿಗೆ ವಿಧಿಸಿದ್ದ ಮಿತಿ ಶೇ. 6. ಈ 24 ವೋಲ್ಟಿನಲ್ಲಿ ಮೂರನೆಯ ಎರಡು ಭಾಗ ರೋಧದ್ದು, ಉಳಿದದ್ದು ರಿಯಾಕ್ಟೆನ್ಸಿನದು. ಮೂರು ಫೇಸುಗಳಲ್ಲಿ ಶಾಖವಾಗಿ ಕಳೆದುಹೋಗುವುದು 3 × 46² × 0.44 = ಸುಮಾರು 2,800 ವ್ಯಾಟ್; ಹೆಚ್ಚುಕಡಿಮೆ ಇನ್ನೊಂದು ಪಂಪಿನ ಮುಕ್ಕಾಲು ಪಾಲು.

ಪರಿಸ್ಥಿತಿ ಇಲ್ಲಿಗೇ ನಿಲ್ಲುವುದಿಲ್ಲ. ಓಡುತ್ತಿರುವ ಇಂಡಕ್ಷನ್ ಮೋಟರು ವೋಲ್ಟೇಜು ಇಳಿದಷ್ಟೂ ಅದೇ ನೀರೆತ್ತಲು ಹೆಚ್ಚು ಕರೆಂಟು ಎಳೆಯುತ್ತದೆ. ಹೆಚ್ಚಿದ ಕರೆಂಟು ವೋಲ್ಟೇಜನ್ನು ಇನ್ನಷ್ಟು ಇಳಿಸುತ್ತದೆ. ವೈಂಡಿಂಗಿನ ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ಬೇಸಿಗೆಯಲ್ಲಿ ರಿವೈಂಡಿಂಗ್ ಅಂಗಡಿಗಳ ಮುಂದೆ ಮೋಟರುಗಳು ಸಾಲುಗಟ್ಟುತ್ತವೆ.

ಮೋಟರ್ ಚಾಲೂ ಆಗುವ ಹೊತ್ತು

ನಿಂತ ಮೋಟರು ಚಾಲೂ ಆಗುವಾಗ ಪೂರ್ಣ ಲೋಡಿನ ಸುಮಾರು ಆರು ಪಟ್ಟು ಕರೆಂಟು ಎಳೆಯುತ್ತದೆ. ಆಗಿನ ಪವರ್ ಫ್ಯಾಕ್ಟರ್ 0.3ರ ಆಸುಪಾಸು. ಮೇಲಿನ ಲೈನಿನಲ್ಲಿ ಒಂದೇ ಒಂದು ಪಂಪು ಚಾಲೂ ಆದರೆ 7.6 × 6 = ಸುಮಾರು 46 ಆಂಪಿಯರ್. ಆರು ಪಂಪುಗಳು ಓಡುವಾಗಿನ ಕರೆಂಟೂ ಅಷ್ಟೇ. ವೋಲ್ಟೇಜಿನ ಇಳಿಕೆ ಮಾತ್ರ ಬೇರೆ:

46 × (0.44 × 0.3 + 0.28 × 0.954) = 46 × (0.132 + 0.267) = ಸುಮಾರು 18 ವೋಲ್ಟ್.

ಈ ಸಲ ಮೂರನೆಯ ಎರಡು ಭಾಗ ರಿಯಾಕ್ಟೆನ್ಸಿನದು. ಅದೇ ತಂತಿ, ಅದೇ ಆಂಪಿಯರು. ಆದರೂ ಪಂಪು ಓಡುವಾಗ ರೋಧದ ಕೈ ಮೇಲು, ಚಾಲೂ ಆಗುವಾಗ ಪ್ರೇರಕತೆಯ ಕೈ ಮೇಲು. ಲೈನಿನ ಆಂಪಿಯರನ್ನಷ್ಟೇ ಅಳೆದು ವೋಲ್ಟೇಜಿನ ಇಳಿಕೆಯನ್ನು ಊಹಿಸಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಕೆಲವೇ ಗಂಟೆ ತ್ರೀ ಫೇಸ್ ಕೊಡುವ ಪದ್ಧತಿಯಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ಕರೆಂಟು ಬರುವ ಹೊತ್ತು ರಾತ್ರಿಯಾದರೆ ರೈತ ಆಟೋ ಸ್ಟಾರ್ಟರ್ ಹಾಕಿ ಮನೆಗೆ ಹೋಗುತ್ತಾನೆ. ಲೈನು ಬಂದೊಡನೆ ಆರೂ ಮೋಟರುಗಳು ಒಟ್ಟಿಗೇ ಎದ್ದೇಳಲು ನೋಡುತ್ತವೆ. ನಿಂತ ಒಂದು ಮೋಟರಿನ ಇಂಪೀಡೆನ್ಸ್ ಫೇಸಿಗೆ 240 ÷ 46 = 5.2 ಓಮ್. ಆರು ಅಕ್ಕಪಕ್ಕ ಸೇರಿದಾಗ 0.87 ಓಮ್, ಅದರಲ್ಲಿ ರೋಧ 0.26, ರಿಯಾಕ್ಟೆನ್ಸ್ 0.83. ಇದಕ್ಕೆ ಲೈನಿನದನ್ನು ಸೇರಿಸಬೇಕು. ರೋಧಕ್ಕೆ ರೋಧ, ರಿಯಾಕ್ಟೆನ್ಸಿಗೆ ರಿಯಾಕ್ಟೆನ್ಸ್ ಕೂಡಿದರೆ 0.70 ಮತ್ತು 1.11, ಒಟ್ಟು ಇಂಪೀಡೆನ್ಸ್ 1.31 ಓಮ್. ಕರೆಂಟು ಸುಮಾರು 183 ಆಂಪಿಯರ್. ಮೋಟರುಗಳಿಗೆ ಸಿಗುವ ವೋಲ್ಟೇಜು 183 × 0.87 = 159, ಅಂದರೆ ಮೂಲದ ಶೇ. 66. ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಅದು ಶೇ. 44ಕ್ಕೆ ಕುಸಿಯುತ್ತದೆ. ಕೆಲವು ಮೋಟರುಗಳು ತಿರುಗದೆ ಅಲ್ಲೇ ಗುಂಯ್‌ಗುಡುತ್ತ ಬಿಸಿಯಾಗುತ್ತವೆ. ಇತ್ತ 63 ಕೆವಿಎ ಟಿಸಿಯ ಎಲ್‌ಟಿ ಬದಿಯ ಪೂರ್ಣ ಲೋಡು ಸುಮಾರು 84 ಆಂಪಿಯರ್. ಅದರ ಎರಡು ಪಟ್ಟಿಗೂ ಹೆಚ್ಚಿನ ಹೊರೆ ಬಿದ್ದು ಫ್ಯೂಸ್ ಹೋಗುತ್ತದೆ. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟಿದ್ದರೆ ಟಿಸಿಯೇ ಸುಡುತ್ತದೆ. ಒಂದೊಂದು ಆಟೋ ಸ್ಟಾರ್ಟರಿಗೂ ಬೇರೆ ಬೇರೆ ತಡ, ಒಂದಕ್ಕೆ 30 ಸೆಕೆಂಡು, ಮುಂದಿನದಕ್ಕೆ ಒಂದು ನಿಮಿಷ ಎಂಬಂತೆ ಇಟ್ಟರೆ ಈ ಸಮಸ್ಯೆ ಖರ್ಚಿಲ್ಲದೆ ಬಗೆಹರಿಯುತ್ತದೆ. ಸ್ಟಾರ್–ಡೆಲ್ಟಾ ಸ್ಟಾರ್ಟರು ಲೈನಿನ ಕರೆಂಟನ್ನು ಮೂರನೆಯ ಒಂದಕ್ಕೆ ಇಳಿಸುತ್ತದೆ, ಜೊತೆಗೆ ತಿರುಗುಬಲವನ್ನೂ ಅಷ್ಟೇ ಇಳಿಸುತ್ತದೆ.

ಸ್ಟಾರ್ಟರಿನೊಳಗಿನ ನೋ-ವೋಲ್ಟ್ ಕಾಯಿಲಿನಲ್ಲೂ ಇದೇ ತತ್ತ್ವ ಕಾಣುತ್ತದೆ. ಕಾಯಿಲು ಸೆಳೆಯುವ ಕಬ್ಬಿಣದ ತುಂಡು ಇನ್ನೂ ದೂರವಿದ್ದಾಗ ಕಾಯಿಲಿನ ಪ್ರೇರಕತೆ ಕಡಿಮೆ, ಕರೆಂಟು ಜಾಸ್ತಿ. ತುಂಡು ಬಂದು ಅಂಟಿದ ಮೇಲೆ ಪ್ರೇರಕತೆ ಏರಿ ಕರೆಂಟು ತಗ್ಗುತ್ತದೆ. ವೋಲ್ಟೇಜು ಸಾಲದೆ ತುಂಡು ಪೂರ್ತಿ ಅಂಟದಿದ್ದರೆ ಹೆಚ್ಚಿನ ಕರೆಂಟೇ ಹರಿಯುತ್ತಲಿದ್ದು, ಸ್ಟಾರ್ಟರು ಕಟಕಟ ಸದ್ದು ಮಾಡಿ ಕಾಯಿಲು ಸುಟ್ಟುಹೋಗುತ್ತದೆ. ಲೋ ವೋಲ್ಟೇಜಿನಲ್ಲಿ ಸುಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಪರಿಹಾರಗಳು

ಕೆಪ್ಯಾಸಿಟರ್: ಹಳ್ಳಿಗಳಲ್ಲಿ ಕಂಡೆನ್ಸರ್ ಎಂದು ಹೆಸರಾದ ಈ ಸಾಧನ ಕಾಯಿಲಿಗೆ ಬೇಕಾದ ಹಿಂದುಮುಂದಿನ ಕರೆಂಟನ್ನು ಮೋಟರಿನ ಬಳಿಯೇ ಒದಗಿಸುತ್ತದೆ, ಅದು ಲೈನಿನುದ್ದಕ್ಕೂ ಓಡಾಡಬೇಕಿಲ್ಲ. ಮೇಲಿನ ಆರು ಪಂಪುಗಳ ಪವರ್ ಫ್ಯಾಕ್ಟರನ್ನು 0.8ರಿಂದ 0.95ಕ್ಕೆ ಏರಿಸಿದರೆ ಲೈನಿನ ಕರೆಂಟು 46ರಿಂದ 38.6 ಆಂಪಿಯರಿಗೆ, ವೋಲ್ಟೇಜಿನ ಇಳಿಕೆ 24ರಿಂದ 19.5ಕ್ಕೆ, ಶಾಖದ ನಷ್ಟ 2,800ರಿಂದ ಸುಮಾರು 1,970 ವ್ಯಾಟಿಗೆ ತಗ್ಗುತ್ತದೆ. ನಷ್ಟದಲ್ಲಿ ಶೇ. 30ರಷ್ಟು ಉಳಿತಾಯ, ವೋಲ್ಟೇಜಿನಲ್ಲಿ ಮಾತ್ರ ನಾಲ್ಕೂವರೆ ವೋಲ್ಟು. ಲಾಭದ ಬಹುಪಾಲು ಹೋಗುವುದು ಹಂಚಿಕೆದಾರರಿಗೆ. ಕರ್ನಾಟಕದಲ್ಲಿ 10 ಎಚ್‌ಪಿ ವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾದ್ದರಿಂದ ಕೆಟ್ಟ ಕೆಪ್ಯಾಸಿಟರನ್ನು ಬದಲಿಸುವಂತೆ ರೈತನನ್ನು ಒತ್ತಾಯಿಸುವ ಬಿಲ್ಲೂ ಇಲ್ಲ.

ದಪ್ಪ ತಂತಿ: ರೋಧವನ್ನು ಅರ್ಧ ಮಾಡಿದರೂ ರಿಯಾಕ್ಟೆನ್ಸ್ ಹೆಚ್ಚು ಬದಲಾಗುವುದಿಲ್ಲ, ಏಕೆಂದರೆ ಅದನ್ನು ನಿರ್ಧರಿಸುವುದು ಮುಖ್ಯವಾಗಿ ತಂತಿಗಳ ನಡುವಿನ ಅಂತರ. ಆದ್ದರಿಂದ ದಪ್ಪ ತಂತಿ ಓಡುವ ಪಂಪಿಗೆ ಹೆಚ್ಚು, ಚಾಲೂ ಆಗುವ ಪಂಪಿಗೆ ಕಡಿಮೆ ನೆರವಾಗುತ್ತದೆ.

ಎಲ್‌ಟಿ ಲೈನನ್ನು ಮೊಟಕುಗೊಳಿಸುವುದು: ರೋಧ, ರಿಯಾಕ್ಟೆನ್ಸ್ ಎರಡನ್ನೂ ಒಟ್ಟಿಗೆ ಇಳಿಸುವ ದಾರಿ ಇದು. ಆರು ಪಂಪುಗಳ ಅದೇ ಹೊರೆಯನ್ನು 800 ಮೀಟರ್ ದೂರ 11 ಕಿಲೋವೋಲ್ಟಿನಲ್ಲಿ ಒಯ್ದರೆ ಕರೆಂಟು 1.7 ಆಂಪಿಯರು, ನಷ್ಟ ಸುಮಾರು 4 ವ್ಯಾಟು. ದೊಡ್ಡ ಟಿಸಿ ಒಂದರ ಬದಲು ಪಂಪುಗಳ ಸಮೀಪಕ್ಕೇ ಸಣ್ಣ ಟಿಸಿಗಳನ್ನು ತರುವ ಪದ್ಧತಿಯ ಬಲ ಈ ಅಂಕಿಯಲ್ಲಿದೆ. ಊರಿನ ಮನೆಗಳಿಗೂ ಹೊಲದ ಪಂಪುಗಳಿಗೂ ಬೇರೆ ಬೇರೆ ಫೀಡರ್ ಎಳೆದ ನಿರಂತರ ಜ್ಯೋತಿ ಯೋಜನೆಯಿಂದ ಮೋಟರುಗಳ ಎಳೆತ ಮನೆಯ ದೀಪಗಳಿಗೆ ತಟ್ಟುವುದು ಕಡಿಮೆಯಾಗುತ್ತದೆ.

ಅಳತೆ ಮತ್ತು ದೋಷ ಪತ್ತೆ

ಕಾಯಿಲಿನ ರೋಧ, ರಿಯಾಕ್ಟೆನ್ಸ್ ಎರಡನ್ನೂ ಸಾಮಾನ್ಯ ಮೀಟರುಗಳಿಂದಲೇ ಕಂಡುಹಿಡಿಯಬಹುದು. 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದಾಗ 0.4 ಆಂಪಿಯರ್ ಹರಿದರೆ ರೋಧ 30 ಓಮ್. ಅದನ್ನೇ 230 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆ ಜೋಡಿಸಿದಾಗ 4.6 ಆಂಪಿಯರ್ ಬಂದರೆ ಇಂಪೀಡೆನ್ಸ್ 50. √(50² − 30²) ಎಂದು ಕಳೆದರೆ ರಿಯಾಕ್ಟೆನ್ಸ್ 40. ಎಂಜಿನಿಯರಿಂಗ್ ಮತ್ತು ಐಟಿಐ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಮೊದಮೊದಲು ಮಾಡುವ ಪ್ರಯೋಗಗಳಲ್ಲಿ ಇದೊಂದು. ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯ ಹೀರಾ ಶುಗರ್ ತಾಂತ್ರಿಕ ಮಹಾವಿದ್ಯಾಲಯದಿಂದಾಗಿ ಈ ವಿಷಯದ ಪದವಿ ಶಿಕ್ಷಣ ಪಂಪುಗಳ ಸೀಮೆಯಲ್ಲೇ ಸಿಗುತ್ತದೆ.

ಹೊಲದಲ್ಲಿ ಎರಡು ಅಳತೆಗಳು ಸಾಕಷ್ಟು ಹೇಳುತ್ತವೆ. ಟಾಂಗ್ ಟೆಸ್ಟರಿನಿಂದ ಕರೆಂಟು, ಮಲ್ಟಿಮೀಟರಿನಿಂದ ಟಿಸಿ ಬಳಿ ಮತ್ತು ಪಂಪಿನ ಬಳಿ ಫೇಸಿಗೊಂದರಂತೆ ವೋಲ್ಟೇಜು ನೋಡಬೇಕು. ಮೊದಲ ಸಲ ಪಂಪುಗಳು ಓಡುತ್ತಿರುವಾಗ, ಎರಡನೆಯ ಸಲ ಒಂದೇ ಪಂಪು ಚಾಲೂ ಆಗುವ ಕ್ಷಣದಲ್ಲಿ. ಕಂಬದ ಮೇಲಿನ ಒಂದು ಜಾಯಿಂಟ್ ಸಡಿಲಗೊಂಡು ಒಂದು ಫೇಸಿಗೆ 0.2 ಓಮ್ ಸೇರಿದೆ ಎನ್ನೋಣ. ಓಡುವಾಗ ಆ ಫೇಸಿನಲ್ಲಿ ಇಳಿಕೆ 46 × 0.2 × 0.8 = 7.4 ವೋಲ್ಟು ಹೆಚ್ಚುತ್ತದೆ. ಚಾಲೂ ಆಗುವಾಗ 46 × 0.2 × 0.3 = 2.8 ವೋಲ್ಟು ಮಾತ್ರ. ಸಡಿಲ ಜಾಯಿಂಟು ರೋಧವನ್ನು ಹೆಚ್ಚಿಸುತ್ತದೆಯೇ ಹೊರತು ಪ್ರೇರಕತೆಯನ್ನಲ್ಲ. ಹೀಗಾಗಿ ಒಂದೇ ಫೇಸು ಸೊರಗಿದ್ದು, ಅದೂ ಓಡುವಾಗಲೇ ಎದ್ದು ಕಂಡರೆ ಕಂಬ ಹತ್ತಿ ಜಾಯಿಂಟು ನೋಡಬೇಕು. ಮೂರೂ ಫೇಸುಗಳು ಸಮವಾಗಿ ಇಳಿದಿದ್ದರೆ ಲೈನು ಉದ್ದವಾಯಿತು ಅಥವಾ ಲೋಡು ಮೀರಿತು ಎಂದು ಅರ್ಥ. ಟಿಸಿ ಬಳಿಯೇ ವೋಲ್ಟೇಜು ಕಡಿಮೆಯಿದ್ದರೆ ಕಾರಣವನ್ನು 11 ಕಿಲೋವೋಲ್ಟಿನ ಫೀಡರಿನಲ್ಲಿ ಹುಡುಕಬೇಕು. ಇಂಥ ಅಳತೆ, ದುರಸ್ತಿಗಳು ಲೈನ್‌ಮನ್‌ಗಳ ಕೆಲಸ; ಕಂಬ ಮತ್ತು ಟಿಸಿಗಳನ್ನು ಬೇರೆಯವರು ಮುಟ್ಟುವುದು ಪ್ರಾಣಾಪಾಯ.

ಲೆಕ್ಕದ ಮಿತಿಗಳು

ಇಲ್ಲಿಯ ಸೂತ್ರಗಳು ಪ್ರೇರಕತೆ ಬದಲಾಗುವುದಿಲ್ಲ ಎಂಬ ಎಣಿಕೆಯ ಮೇಲೆ ನಿಂತಿವೆ. ಕಬ್ಬಿಣದ ತಿರುಳಿರುವ ಕಾಯಿಲಿನಲ್ಲಿ ಕರೆಂಟು ಒಂದು ಮಟ್ಟ ಮೀರಿದರೆ ಕಬ್ಬಿಣ ಕಾಂತೀಯವಾಗಿ ತುಂಬಿಹೋಗಿ ಪ್ರೇರಕತೆ ಕುಸಿಯುತ್ತದೆ. ಖಾಲಿ ಟ್ರಾನ್ಸ್‌ಫಾರ್ಮರಿಗೆ ಲೈನು ಕೊಟ್ಟ ಮೊದಲ ಕೆಲವು ಆವರ್ತನೆಗಳಲ್ಲಿ ಹರಿಯುವ ಭಾರೀ ಕರೆಂಟು ಇದರ ಪರಿಣಾಮ. ತಿರುಳಿನಲ್ಲಾಗುವ ಶಾಖದಿಂದಾಗಿ ಪರ್ಯಾಯ ವಿದ್ಯುತ್ತಿನಲ್ಲಿ ಕಾಯಿಲಿನ ರೋಧ ಬ್ಯಾಟರಿಯಿಂದ ಅಳೆದದ್ದಕ್ಕಿಂತ ಹೆಚ್ಚಾಗಿ ತೋರುತ್ತದೆ. ತಂತಿ ಬಿಸಿಲಿಗೆ ಕಾದಾಗಲೂ ರೋಧ ಏರುತ್ತದೆ. 20 ಡಿಗ್ರಿಯಲ್ಲಿ 0.55 ಓಮ್ ಇದ್ದದ್ದು 65 ಡಿಗ್ರಿಯಲ್ಲಿ 0.65 ಓಮ್ ಆಗುತ್ತದೆ. ನೀರಿನ ಅಗತ್ಯ ತುದಿ ಮುಟ್ಟುವ ಏಪ್ರಿಲ್–ಮೇ ಮಧ್ಯಾಹ್ನಗಳಲ್ಲಿ ಲೈನಿನ ರೋಧವೂ ತುದಿಯಲ್ಲಿರುತ್ತದೆ ಎಂಬುದನ್ನು ಹೊಸ ಲೈನಿನ ಉದ್ದ ನಿಗದಿ ಮಾಡುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.